ನೂರಿಪ್ಪತ್ತು ಎಣಿಸುವ ತನಕ

ಮೂರನೆಯ ತಿರುವಿನಲ್ಲಿ ಹಿಂದಿನ ಚಕ್ರ ರಸ್ತೆ ಬಿಟ್ಟಿತು.

ಒಂದು ಕಡೆ ಬಂಡೆ. ಇನ್ನೊಂದು ಕಡೆ ಏನೂ ಇಲ್ಲ... ಕೆಳಗೆ, ಬಹಳ ಕೆಳಗೆ, ನೀರು ನಿಂತ ಹಳೆಯ ಕಲ್ಲುಗಣಿ.

ಸ್ಟೇರಿಂಗ್ ಹಿಡಿದವನು ಸಿಳ್ಳೆ. ಪಕ್ಕದಲ್ಲಿ ಕುಳಿತವನು ನಾನು.

ಚಕ್ರ ಮತ್ತೆ ಡಾಂಬರು ಹಿಡಿಯಿತು. ಸಿಳ್ಳೆ ಉಸಿರು ಬಿಟ್ಟ. ನಾನು ಬಿಡಲಿಲ್ಲ. ಮೂರು ವರ್ಷ ಹಿಡಿದಿಟ್ಟ ಉಸಿರು ಅದು, ಒಂದು ತಿರುವಿಗೆಲ್ಲ ಬಿಡುವಂಥದ್ದಲ್ಲ.

"ಬ್ರೇಕ್ ಒತ್ತಿ ನಿಲ್ಲಿಸಬೇಡ," ಎಂದೆ. "ನಿಂತ್ರೆ ಸುಟ್ಟುಹೋಗ್ತೀಯ."

ಅವನು ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಹೆದರಿಕೆ ಮೊಳೆಯುವುದನ್ನು ನೋಡಲು ಎಂಟು ತಿಂಗಳು ಕಾದಿದ್ದೆ. ಸುಳ್ಳು ಹೇಳುವುದಿಲ್ಲ ಸ್ವಾಮಿ, ನೋಡಲು ಚೆನ್ನಾಗಿಯೇ ಇತ್ತು.

ಗುಡ್ಡದ ತುದಿಗೆ ಇನ್ನೂ ದೂರವಿದೆ. ಅಷ್ಟರಲ್ಲಿ ಹಿಂದಿನದನ್ನು ಹೇಳಿಬಿಡುತ್ತೇನೆ.

ನನ್ನ ಕಸುಬು ಕಳುವಾದ ಕಾರುಗಳನ್ನು ಹುಡುಕಿ ತರುವುದು. ಊರೂರು ಅಲೆಯುವ ಕೆಲಸ. ಹಲ್ಲು ಎರಡು ಹೋಗಿವೆ, ಪಕ್ಕೆಲುಬು ಒಂದು ಮುರಿದು ಕೂಡಿದೆ. ಮನೆಗೆ ಬರುತ್ತಿದ್ದದ್ದು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ಮನೆ ಹಿಡಿದು ನಿಂತವನು ನನ್ನ ಅಣ್ಣ.

ಅಣ್ಣ ಟರ್ಬೊ ಕೂರಿಸುವವನು. ಹುಟ್ಟುವಾಗ ಟರ್ಬೊ ಇಲ್ಲದ ಸಾದಾ ಕಾರಿಗೆ ಅದನ್ನು ಹೊಂದಿಸಿ ಕೊಡುವುದು ಅವನ ವಿದ್ಯೆ. ಬಸವನಹುಳುವಿನಂತೆ ಸುತ್ತಿಕೊಂಡ ಒಂದು ಕಬ್ಬಿಣದ ಚಿಪ್ಪು. ಒಳಗೆ ಒಂದು ಪುಟ್ಟ ಚಕ್ರ. ಎಂಜಿನ್ನು ಬೇಡವೆಂದು ಉಗುಳಿದ ಹೊಗೆಯೇ ಆ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಗಾಳಿಯನ್ನು ಎಳೆದು ಮತ್ತೆ ಎಂಜಿನ್ನಿನ ಬಾಯಿಗೇ ತುರುಕುತ್ತದೆ. ಬಿಸಾಡಿದ ಉಸಿರೇ ಬಲವಾಗಿ ತಿರುಗಿ ಬರುವ ಏರ್ಪಾಟು. ಇದರಲ್ಲಿ ದೇವರ ಕೈವಾಡ ಕಾಣುತ್ತದೆ ಎಂದು ಅಣ್ಣ ಹೇಳುತ್ತಿದ್ದ. ನನಗೆ ಆಗ ಕಂಡಿರಲಿಲ್ಲ.

ಟರ್ಬೊ ಅಂದರೆ ಮನೆ ತುಂಬಲು ಬಂದ ಸೊಸೆ ಎನ್ನುತ್ತಿದ್ದ ಅವನು. ಅವಳೊಬ್ಬಳನ್ನು ತಂದು ಕೂರಿಸಿದರೆ ಆಗಲಿಲ್ಲ, ಮನೆಯವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಜಾಗ ಕೊಡಬೇಕು. ಪೆಟ್ರೋಲು ಹೆಚ್ಚು ಬರಬೇಕು. ಗಾಳಿ ತಣ್ಣಗಾಗಬೇಕು. ಎಲ್ಲಕ್ಕಿಂತ ಮುಖ್ಯ ಎಣ್ಣೆ. ಕೆಂಡದಂತೆ ಕಾಯುವ ಆ ಚಿಪ್ಪಿಗೆ ಎಂಜಿನ್ನಿನಿಂದ ಎಣ್ಣೆ ಒಯ್ಯಲು ಗೇಣುದ್ದದ ಒಂದು ಪೈಪು. ಅದು ಉಕ್ಕಿನದೇ ಆಗಬೇಕು.

ಅವನಿಗೆ ಎರಡು ನೇಮಗಳಿದ್ದವು.

ಒಂದು, ತಾನು ಬಿಗಿದ ಪ್ರತಿ ನಟ್ಟಿಗೂ ಹಳದಿ ಬಣ್ಣದ ಚುಕ್ಕೆ ಇಡುವುದು. ಚುಕ್ಕೆ ಇಟ್ಟರೆ ಅದಕ್ಕೆ ಅವನೇ ಜವಾಬು.

ಇನ್ನೊಂದು, ಜೋರಾಗಿ ಓಡಿಸಿದ ಗಾಡಿಯನ್ನು ಥಟ್ಟನೆ ಆರಿಸದಿರುವುದು. ನಿಲ್ಲಿಸಿ, ಎಂಜಿನ್ನು ಮೆಲ್ಲಗೆ ಓಡುತ್ತಿರಲು ಬಿಟ್ಟು, ನೂರಿಪ್ಪತ್ತರ ತನಕ ಎಣಿಸುವುದು. ಆರಿಸಿಬಿಟ್ಟರೆ ಎಣ್ಣೆ ಹರಿಯುವುದು ನಿಂತು, ಚಿಪ್ಪಿನೊಳಗೇ ಸುಟ್ಟು ಕರಿ ಕಟ್ಟುತ್ತದೆ. ಟರ್ಬೊ ಕೆಲಸದವರೆಲ್ಲ ಹೀಗೆ ಕಾಯುತ್ತಾರೆ. ಆದರೆ ಅಣ್ಣ ಕಣ್ಣು ಮುಚ್ಚಿ ಎಣಿಸುತ್ತಿದ್ದ. ದೇವರ ಮುಂದೆ ಎರಡು ನಿಮಿಷ ನಿಲ್ಲಲು ಪುರುಸೊತ್ತಿಲ್ಲದವನು ಗಾಡಿಯ ಮುಂದೆ ಜಪ ಮಾಡುತ್ತಾನೆ ಎಂದು ಅಮ್ಮ ಗದರುತ್ತಿದ್ದಳು. ಎರಡೂ ಒಂದೇ ಕಡೆ ಸಲ್ಲುತ್ತೆ ಬಿಡಮ್ಮ ಎಂದು ಅವನು ನಗುತ್ತಿದ್ದ.

ಅವನ ಜೊತೆಗಾರನೇ ಸಿಳ್ಳೆ. ಟರ್ಬೊ ತಿರುಗುವಾಗ ಬರುವ ಸಣ್ಣ ಸಿಳ್ಳನ್ನು ಬಾಯಲ್ಲಿ ಹಾಗೆಯೇ ಹೊರಡಿಸುತ್ತಿದ್ದ, ಅದಕ್ಕೇ ಆ ಹೆಸರು. ನಮ್ಮ ಮನೆಯಲ್ಲಿ ಅಮ್ಮನ ಕೈಯಿಂದ ಎಷ್ಟೋ ಸಲ ಉಂಡಿದ್ದವನು. ಊರಲ್ಲಿರದ ನನ್ನನ್ನು ಮಾತ್ರ ಅವನು ಕಂಡಿರಲಿಲ್ಲ.

ಮೂರು ವರ್ಷದ ಕೆಳಗೆ ಇದೇ ಗುಡ್ಡಕ್ಕೆ ಅಣ್ಣ ಒಬ್ಬರ ಬಿಳಿ ಕಾರನ್ನು ಪರೀಕ್ಷೆಗೆ ಹತ್ತಿಸಿದ. ತುದಿಯಲ್ಲಿ ನಿಲ್ಲಿಸಿದ. ಕಣ್ಣು ಮುಚ್ಚಿದ. ಎಣಿಸತೊಡಗಿದ.

ಆ ಕಾರಿನಲ್ಲಿ ಎಣ್ಣೆಯ ಪೈಪು ಉಕ್ಕಿನದಾಗಿರಲಿಲ್ಲ. ರಬ್ಬರಿನದಾಗಿತ್ತು.

ಓಡುವಷ್ಟು ಹೊತ್ತು ಬೀಸುವ ಗಾಳಿ ರಬ್ಬರನ್ನು ಕಾಪಾಡುತ್ತದೆ. ನಿಂತ ಕೂಡಲೇ ಬಾನೆಟ್ಟಿನ ಒಳಗೆ ಗಾಳಿಯಿಲ್ಲ, ಬರೀ ಕಾವು. ಪೈಪು ಕರಗಿತು. ಕೆಂಪಗೆ ಕಾದ ಚಿಪ್ಪಿನ ಮೇಲೆ ಎಣ್ಣೆ ಚಿಮ್ಮಿತು. ಹೊಗೆ ಕಂಡು ಅಣ್ಣ ಇಳಿದು ಬಾನೆಟ್ ಎತ್ತಿದ. ಬೆಂಕಿಗೆ ಗಾಳಿ ಸಿಕ್ಕಿತು...

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಬಾಯಿಗೆ ಬಟ್ಟೆ ಸುತ್ತಿದ್ದರು. ಹನ್ನೆರಡನೆಯ ದಿನ ಹೋದ.

ಯಾವ ಹಾಳು ಚಟವೂ ಅವನನ್ನು ಕೊಲ್ಲಲಿಲ್ಲ ಸ್ವಾಮಿ. ಒಳ್ಳೆಯ ನೇಮವೊಂದು ಕೊಂದಿತು.

ವಿಚಾರಣೆಯಲ್ಲಿ ಸಿಳ್ಳೆ ಕಣ್ಣೀರು ಹಾಕಿದನಂತೆ. ಉಕ್ಕಿನ ಪೈಪು ಬರುವ ತನಕ ಕಾಯೋಣ ಅಂದೆ, ಅವನೇ ಅವಸರ ಮಾಡಿ ರಬ್ಬರು ಹಾಕಿದ ಎಂದನಂತೆ. ಸತ್ತವನು ಎದ್ದು ಬಂದು ಅಲ್ಲಗಳೆಯುತ್ತಾನೆಯೇ? ಎಲ್ಲರೂ ನಂಬಿದರು.

ಅಮ್ಮನೂ ನಂಬಿದಳು.

ಅಲ್ಲೇ ನನಗೆ ತಡೆಯಲಾಗದೆ ಹೋದದ್ದು. ದಿನವೂ ಸಂಜೆ ಅವಳು ಕೈ ಮುಗಿದು ಒಂದೇ ಮಾತು ಹೇಳುತ್ತಾಳೆ: ನನ್ನ ಮಗ ಅವಸರಪಟ್ಟ, ತಪ್ಪಾಯಿತು, ಹೊಟ್ಟೆಗೆ ಹಾಕಿಕೊ. ಗೋಡೆಯ ಈಚೆ ಕುಳಿತು ನಾನು ಕೇಳಿಸಿಕೊಳ್ಳುತ್ತೇನೆ. ನನಗೆ ಸಿಳ್ಳೆಯ ತಲೆ ಬೇಕಾಗಿರಲಿಲ್ಲ. ಆ ಒಂದು ಮಾತು ಅಮ್ಮನ ಬಾಯಿಂದ ಅಳಿಯಬೇಕಾಗಿತ್ತು. ತಲೆಯೂ ಸಿಕ್ಕರೆ ಬೇಡ ಎನ್ನುತ್ತಿರಲಿಲ್ಲ, ಅದು ಬೇರೆ.

ಗುಜರಿಯಲ್ಲಿ ಬಿಳಿ ಕಾರಿನ ಅಸ್ಥಿ ಹುಡುಕಿದೆ. ಎಣ್ಣೆಯ ಪೈಪು ಕೂರುವ ಜಾಗದಲ್ಲಿ ಎರಡು ಕ್ಲಿಪ್ಪು ಸಿಕ್ಕವು. ಉಕ್ಕಿನ ಪೈಪಿಗೆ ಕ್ಲಿಪ್ಪು ಬೇಕಿಲ್ಲ, ಅದು ನಟ್ಟಿನಿಂದ ಕೂರುತ್ತದೆ. ಕ್ಲಿಪ್ಪು ರಬ್ಬರಿಗೆ. ಎರಡರ ಮೇಲೂ ಅಣ್ಣನ ಹಳದಿ ಚುಕ್ಕೆ ಇರಲಿಲ್ಲ. ಅವನ್ನು ಕಾಗದದಲ್ಲಿ ಕಟ್ಟಿಕೊಂಡು, ಅಂದು ವಿಚಾರಣೆ ನಡೆಸಿದ ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ತೆಗೆದರು. ಹಾಕಿಕೊಂಡರು. ರಬ್ಬರು ಅಂತ ನಮಗೂ ಗೊತ್ತು, ಚುಕ್ಕೆ ಇದ್ದಿದ್ದರೂ ಬೆಂಕಿಯಲ್ಲಿ ಹೋಗಿರುತ್ತದೆ, ಕ್ಲಿಪ್ಪು ತನ್ನನ್ನು ಬಿಗಿದ ಕೈ ಯಾವುದು ಅಂತ ಹೇಳುತ್ತದೆಯೇ ಎಂದು ಕೇಳಿದರು.

"ನೋಡಪ್ಪ," ಎಂದರು. "ಅವನನ್ನ ಮೂಲೇಲಿ ಹಾಕಿ ಹೆದರಿಸಿ ಬರೆಸ್ಕೊಂಡು ಬರಬೇಡ. ಅದು ನಿಲ್ಲಲ್ಲ. ತಾನಾಗೇ ಬಾಯಿ ಬಿಟ್ರೆ ಮಾತ್ರ ನಾನು ಫೈಲು ಬಿಚ್ತೀನಿ."

ತಾನಾಗಿ ಬಾಯಿ ಬಿಡುವ ಜಾತಿಯೇ ಸಿಳ್ಳೆ? ಒರಳಿನೊಳಗೆ ಹಾಕಿ ಕುಟ್ಟಿದರೂ ಸದ್ದು ಒರಳಿನದೇ, ಅವನದಲ್ಲ.

ಮನೆಯ ಹಿಂದೆ ಟಾರ್ಪಾಲಿನ ಅಡಿಯಲ್ಲಿ ಅಪ್ಪನ ಹಳೆಯ ಕಾರು ಮಲಗಿತ್ತು. ಟರ್ಬೊ ಇಲ್ಲದೆ ಹುಟ್ಟಿದ ಬಡಪಾಯಿ. ಒಂದಲ್ಲ ಒಂದು ದಿನ ಇದಕ್ಕೂ ಕೂರಿಸುತ್ತೇನೆ ಎಂದು ಅಣ್ಣ ಒಂದು ನೋಟ್‌ಬುಕ್ಕಿನ ತುಂಬ ಚಿತ್ರ ಬರೆದಿಟ್ಟಿದ್ದ. ಆ ಪುಸ್ತಕವೇ ನನಗೆ ಗುರುವಾಯಿತು. ಎಂಟು ತಿಂಗಳು. ಮೊದಲ ಸಲ ಗ್ಯಾಸ್ಕೆಟ್ ಹಾರಿತು. ಎರಡನೆಯ ಸಲ ಎಂಜಿನ್ನಿನೊಳಗೆ ಸುತ್ತಿಗೆ ಹೊಡೆದ ಸದ್ದು ಬಂತು, ಗಾಳಿಯ ಒತ್ತಡ ಇಳಿಸಿದೆ. ಹಳೆಯ ಎಂಜಿನ್ನಿಗೆ ಬಹಳ ತುರುಕಬಾರದು, ತಿನ್ನುವಷ್ಟೇ ಬಡಿಸು ಎಂದು ಪುಸ್ತಕದ ಅಂಚಿನಲ್ಲಿ ಅಣ್ಣ ಬರೆದಿದ್ದ. ಮೂರನೆಯ ಸಲ ಗಾಡಿ ಹುಲಿಯಂತೆ ಎದ್ದಿತು.

ಕೊನೆಗೆ ಉಳಿದದ್ದು ಎಣ್ಣೆಯ ಪೈಪು. ಸಿಳ್ಳೆಯ ಅಂಗಡಿಯ ಕಪಾಟಿನಿಂದಲೇ ಗೇಣುದ್ದ ರಬ್ಬರು ತರಿಸಿದೆ. ಎರಡು ಕ್ಲಿಪ್ಪು ಹಾಕಿ ಬಿಗಿದೆ.

ಇವತ್ತು ಬೆಳಗ್ಗೆ ಅವನ ಗ್ಯಾರೇಜಿಗೆ ಹೋದೆ. ಟರ್ಬೊ ಕೂರಿಸಿದ್ದೇನೆ, ಸಿಳ್ಳು ಯಾಕೋ ಸರಿಯಿಲ್ಲ, ಕಿವಿಯಲ್ಲೇ ರೋಗ ಹಿಡಿಯುವವರು ಈ ಊರಲ್ಲಿ ನೀವೊಬ್ಬರೇ ಅಂತಾರೆ ಎಂದೆ. ಹೊಗಳಿಕೆಗೆ ಹೊನ್ನಶೂಲ ಎಂದು ಹೆಸರು ಸುಮ್ಮನೆ ಬಂದಿಲ್ಲ. ಬಾನೆಟ್ ಎತ್ತದೆಯೇ ಸ್ಟೇರಿಂಗ್ ಹಿಡಿದ. ಗುಡ್ಡ ಹತ್ತಿಸಿದರೆ ಗೊತ್ತಾಗುತ್ತದೆ ಬನ್ನಿ ಸಾರ್ ಎಂದ. ಹಿಂದೆ ಜೀಪಿನಲ್ಲಿ ಗೂಳಿ ಹೊರಟ. ಸಿಳ್ಳೆ ಎಲ್ಲಿಗೆ ಹೋದರೂ ಕಾವಲಿಗೆ ಬರುವ ಆಳು. ಕತ್ತು ಎಂಬುದು ಇಲ್ಲದ ಮನುಷ್ಯ, ತಲೆ ನೇರ ಹೆಗಲ ಮೇಲೆಯೇ ಕುಳಿತಿದೆ.

ಎರಡನೆಯ ಕಿಲೋಮೀಟರ್ ಕಲ್ಲಿನ ಹತ್ತಿರ ನಾನು ಯಾರೆಂದು ಹೇಳಿದೆ.

ಅವನ ಫೋನು ಕಿಟಕಿಯಿಂದ ಆಚೆಗೆ ಎಸೆದೆ.

ಎಣ್ಣೆಯ ಪೈಪು ಯಾವುದೆಂದೂ ಹೇಳಿದೆ.

ಮೂರನೆಯ ತಿರುವಿನಲ್ಲಿ ಚಕ್ರ ರಸ್ತೆ ಬಿಟ್ಟದ್ದು ಆಗಲೇ. ಈಗ ನೀವೂ ನಾವೂ ಒಂದೇ ಕಡೆ ಇದ್ದೇವೆ.

"ಸುಳ್ಳು," ಎಂದ ಸಿಳ್ಳೆ. ತುಟಿ ಒಣಗಿತ್ತು. "ನೀನೂ ಇದೇ ಗಾಡೀಲಿದ್ದೀಯ."

"ನನಗೇನೂ ಇಳಿಯೋ ಆತುರ ಇಲ್ಲ."

ಅವನು ಬೀಗದ ಕೈ ತಿರುಗಿಸಿದ. ಎಂಜಿನ್ನು ಆರಲಿಲ್ಲ. ಬಾಗಿಲ ಹಿಡಿ ಎಳೆದ. ಬರಲಿಲ್ಲ. ಕದ್ದ ಕಾರು ಹಿಡಿಯುವವನ ಕಾರು ಅದು, ಬಾಗಿಲೂ ಎಂಜಿನ್ನೂ ನನ್ನ ಸೀಟಿನ ಕೆಳಗಿನ ಎರಡು ಸ್ವಿಚ್ಚಿನಲ್ಲಿವೆ ಎಂದು ವಿವರಿಸಿದೆ. ಆರಿಸಿದರೂ ಪೈಪಿನಲ್ಲಿ ಉಳಿದ ಎಣ್ಣೆ ಇಬ್ಬರಿಗೆ ಧಾರಾಳವಾಗಿ ಸಾಕು ಎಂದೂ ಹೇಳಿದೆ.

ಅಷ್ಟರಲ್ಲಿ ವಾಸನೆ ಬಂತು. ಎಣ್ಣೆ ಸುಡುವ ವಾಸನೆ... ತೆಳ್ಳಗೆ, ಗಂಟಲಿಗೆ ಹತ್ತುವಂತೆ.

ಸಿಳ್ಳೆಯ ಕಾಲು ಎಕ್ಸಿಲರೇಟರಿನ ಮೇಲೆ ತಾನಾಗಿ ಒತ್ತಿತು. ಟರ್ಬೊ ಕೂಗಿತು. ಸೀಟು ಬೆನ್ನಿಗೆ ಗುದ್ದಿತು. ಅಪ್ಪನ ಕಾರು, ತರಕಾರಿ ಚೀಲ ಹೊತ್ತು ಕೆಮ್ಮುತ್ತಿದ್ದ ಕಾರು, ಗುಡ್ಡವನ್ನು ನುಂಗತೊಡಗಿತು. ಅತ್ತ ದರಿ ಇತ್ತ ಪುಲಿ ಎಂಬುದನ್ನು ಅವನು ಚಿಕ್ಕಂದಿನಲ್ಲಿ ಕೇಳಿಯೇ ಇದ್ದಾನು. ಓಡಿದಷ್ಟೂ ಚಿಪ್ಪಿಗೆ ಕಾವು ಏರುತ್ತದೆ. ನಿಂತರೆ ಗಾಳಿ ಇಲ್ಲ.

ಹಿಂದೆ ಹಾರ್ನು.

ಗೂಳಿ. ತನ್ನ ಯಜಮಾನ ಹುಚ್ಚನಂತೆ ಓಡಿಸುತ್ತಿರುವುದು ಕಂಡು, ಪಕ್ಕದವನು ಚಾಕು ಹಿಡಿದಿದ್ದಾನೆ ಎಂದು ಅವನು ತಿಳಿದಿರಬೇಕು. ಪಾಪ, ಋಣ ತೀರಿಸಲು ಬಂದ. ನೇರ ರಸ್ತೆ ಸಿಕ್ಕಿದ ಕಡೆ ಜೀಪನ್ನು ಪಕ್ಕಕ್ಕೆ ತಂದು, ಮುಂದೆ ನುಗ್ಗಿ ಅಡ್ಡ ಹಾಕಲು ನೋಡಿದ.

"ಬೇಡ ಕಣೋ! ಅಡ್ಡ ಬರಬೇಡ!" ಎಂದು ಸಿಳ್ಳೆ ಮುಚ್ಚಿದ ಗಾಜಿನೊಳಗಿನಿಂದ ಅರಚಿದ.

ಗೂಳಿ ಧೈರ್ಯ ಹೇಳುವವನಂತೆ ಕೈ ಎತ್ತಿದ. ಜೀಪಿನ ಮೂತಿ ನಮ್ಮ ಮುಂದಿನ ಚಕ್ರಕ್ಕೆ ತಾಗಿತು. ಲೋಹ ಕಿರುಚಿತು. ನನ್ನ ಕಡೆಯ ಬಾಗಿಲು ಬಂಡೆಯನ್ನು ಉಜ್ಜಿ ಕಿಡಿ ಹಾರಿತು. ಹಣೆ ಗಾಜಿಗೆ ಬಡಿದು ಕಣ್ಣೊಳಗೆ ಬಿಸಿ ಇಳಿಯಿತು. ರಕ್ತ. ಒರೆಸಿಕೊಂಡೆ. ಮುಂದೆ ಮತ್ತೊಂದು ತಿರುವು. ಜೀಪು ಮುಂದಾದರೆ ನಾವು ನಿಲ್ಲಲೇಬೇಕು.

ಸಿಳ್ಳೆ ಪೂರ್ತಿ ಒತ್ತಿದ.

ಟರ್ಬೊ ಏನೆಂದು ನನಗೆ ಆಗ ಅರ್ಥವಾಯಿತು. ಮೊದಲು ಒಂದು ಕ್ಷಣ ಏನೂ ಆಗುವುದಿಲ್ಲ. ಹರಕೆ ಹೊತ್ತು ಕಾಯುವವನ ಹಾಗೆ ಆ ಕ್ಷಣವನ್ನು ಕಾಯಬೇಕು. ಆಮೇಲೆ ಬೆನ್ನ ಹಿಂದೆ ಯಾರೋ ಕೈಯಿಟ್ಟು ತಳ್ಳಿದಂತೆ... ಜೀಪು ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಯಿತು. ತನ್ನ ಕಾವಲುಗಾರನಿಂದಲೇ ತಪ್ಪಿಸಿಕೊಂಡು ಓಡಿದ ಯಜಮಾನನನ್ನು ನಾನು ನೋಡಿದ್ದು ಇವತ್ತೇ ಮೊದಲು.

"ಹೇಳು," ಎಂದೆ. "ರಬ್ಬರು ಹಾಕಿದ ಕೈ ಯಾವುದು?"

"ನಿಮ್ಮಣ್ಣಂದು."

"ಇನ್ನು ನಾಲ್ಕು ಕಿಲೋಮೀಟರ್ ಇದೆ. ಯೋಚನೆ ಮಾಡು."

"ನಿಮ್ಮಣ್ಣಂದೇ. ಸುಟ್ಟು ಹಾಕು ಬೇಕಾದ್ರೆ. ನಾಳೆ ಇಬ್ಬರು ಮಕ್ಕಳನ್ನೂ ನುಂಗಿದ ಗುಡ್ಡ ಅಂತ ನಿಮ್ಮಮ್ಮ ಇಲ್ಲಿಗೆ ಬಂದು ಅಳ್ತಾಳೆ."

ಮುಷ್ಟಿ ಬಿಗಿಯಿತು. ಹೊಡೆಯಲಿಲ್ಲ. ಅವನು ಹೆದರಿದ್ದ, ಬೆವರಿನಲ್ಲಿ ಅಂಗಿ ಅಂಟಿತ್ತು, ಆದರೂ ಬಾಯಿಗೆ ಹಾಕಿದ ಬೀಗ ಬಿಚ್ಚಲಿಲ್ಲ. ಎಂಟು ತಿಂಗಳು ಕಟ್ಟಿದ ಕೋಟೆ ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಕುಸಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಕೇಳಿದರೂ ಹೇಳುವುದಿಲ್ಲ. ಹೇಳಿದರೂ ಹೆದರಿ ಹೇಳಿದ್ದು ನಿಲ್ಲುವುದಿಲ್ಲ.

ಮೇಲಿರುವವನೇ, ನನ್ನ ಕೈಲಿ ಇಷ್ಟೇ ಆದದ್ದು ಎಂದೆ. ಬಾಯಿ ಬಿಟ್ಟು ಅನ್ನಲಿಲ್ಲ.

ಗುಡ್ಡದ ತುದಿ. ರಸ್ತೆ ಮುಗಿಯುವಲ್ಲಿ ದುಂಡಗಿನ ಬಯಲು, ಒಂದು ನೀರಿನ ಟ್ಯಾಂಕು, ಒಂದು ಕಲ್ಲುಬೆಂಚು. ಬೆಂಚಿನ ಮೇಲೆ ಇನ್‌ಸ್ಪೆಕ್ಟರು ಕುಳಿತಿದ್ದರು. ಹತ್ತು ಗಂಟೆಗೆ ಅಲ್ಲಿರಿ ಎಂದು ಕೇಳಿಕೊಂಡವನು ನಾನೇ.

ಆದರೆ ಪಕ್ಕದಲ್ಲಿ ಅಮ್ಮ ಕುಳಿತಿದ್ದಳು.

ಅವಳನ್ನು ನಾನು ಕರೆದಿರಲಿಲ್ಲ. ಮಗ ಸುಟ್ಟುಹೋದ ಜಾಗವನ್ನು ಒಮ್ಮೆ ತೋರಿಸಿ ಎಂದು ಮೂರು ವರ್ಷದಿಂದ ಆ ಕಚೇರಿಗೆ ಎಡತಾಕುತ್ತಿದ್ದಳು, ಹೇಗೂ ಹೊರಟಿದ್ದೆ, ಕರೆತಂದೆ ಎಂದು ಇನ್‌ಸ್ಪೆಕ್ಟರು ಆಮೇಲೆ ಹೇಳಿದರು.

ಸಿಳ್ಳೆ ಬ್ರೇಕ್ ತುಳಿದ. ಕಾರು ಧೂಳಿನಲ್ಲಿ ಜಾರಿ ನಿಂತಿತು. ನಾನು ಬಾಗಿಲ ಸ್ವಿಚ್ಚು ಒತ್ತಿದೆ.

"ಹೋಗು," ಎಂದೆ.

ಅವನು ಬಿದ್ದು ಎದ್ದು ಓಡಿದ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಟ್ಯಾಂಕಿನ ಮರೆಗೆ ಹೋಗಿ ನಿಂತ. ಯಾರೂ ಅವನನ್ನು ಹಿಡಿದಿರಲಿಲ್ಲ. ಕೆಳಗಿನ ದಾರಿ ತೆರೆದೇ ಇತ್ತು.

ನಾನು ಇಳಿಯಲಿಲ್ಲ. ಎಂಜಿನ್ನು ಆರಿಸಲೂ ಇಲ್ಲ. ಸೋತವನಿಗೆ ಮಾಡಲು ಇನ್ನೇನು ಉಳಿದಿರುತ್ತದೆ... ಕಣ್ಣು ಮುಚ್ಚಿ ಎಣಿಸತೊಡಗಿದೆ. ಒಂದು. ಎರಡು. ಮೂರು.

ಹತ್ತರಲ್ಲಿ ಕಣ್ಣು ತೆರೆದೆ. ಅಮ್ಮ ಕಾರಿನ ಮುಂದೆ ನಿಂತಿದ್ದಳು. ಅಪ್ಪನ ಕಾರಿನ ಗುರುತು ಹಿಡಿದು, ಎಷ್ಟೋ ವರ್ಷದ ಮೇಲೆ ಎದ್ದು ಬಂದ ಮನೆಯ ದನದ ಮೈ ಸವರುವಂತೆ, ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟಿದ್ದಳು.

"ಅಮ್ಮಾ," ಎಂದು ಸಿಳ್ಳೆ ಕೂಗಿದ. "ಅಮ್ಮಾ, ಈ ಕಡೆ ಬನ್ನಿ."

ಅಮ್ಮ ತಿರುಗಿದಳು. "ನೀನಾ? ಎಷ್ಟು ಸೊರಗಿದ್ದೀಯಪ್ಪ."

"ದೂರ ಬನ್ನಿ ಅಂದೆ. ಅದು ಹತ್ತಿಕೊಳ್ಳುತ್ತೆ."

"ಇದು ನಮ್ಮನೆ ಗಾಡಿ ಕಣೋ. ನನ್ನ ಮಗ ಒಂದು ಸಲ ಅವಸರ ಮಾಡಿದ ಅಂತ ಎಲ್ಲ ಗಾಡೀನೂ ಹತ್ತಿಕೊಳ್ಳುತ್ತಾ?" ಅವಳು ಕೈ ತೆಗೆಯಲಿಲ್ಲ.

ಇಪ್ಪತ್ತೊಂದು. ಇಪ್ಪತ್ತೆರಡು.

ಸಿಳ್ಳೆ ಕೆಳಗಿನ ದಾರಿಯ ಕಡೆ ನೋಡಿದ. ಅಮ್ಮನ ಕಡೆ ನೋಡಿದ. ಅವನೊಳಗೆ ಏನು ನಡೆಯಿತೋ ನಾನು ಹೇಳಲಾರೆ. ಉಂಡ ಮನೆಯ ಅನ್ನ ಎಲ್ಲೋ ಒಂದು ಅಗಳು ಉಳಿದುಕೊಂಡಿತ್ತೋ ಏನೋ. ಟ್ಯಾಂಕಿನ ಮರೆಯಿಂದ ಹೊರಟು ಕಾರಿನ ಕಡೆಗೇ ಓಡಿ ಬಂದ. ಬೆಂಕಿ ಏಳುತ್ತದೆ ಎಂದು ನಂಬಿದವನು, ಆ ಬೆಂಕಿಯ ಕಡೆಗೇ.

"ಅವನು ಅವಸರ ಮಾಡ್ಲಿಲ್ಲ ಕಣಮ್ಮ!" ಅವನ ದನಿ ಒಡೆದಿತ್ತು. "ನಾನು ಹಾಕಿದ್ದು. ರಬ್ಬರು ನಾನೇ ಹಾಕಿದ್ದು. ಅವನಿಗೆ ಹೇಳ್ಲೇ ಇಲ್ಲ. ಅದರ ಹಿಂದಿನ ವಾರ ಇನ್ನೊಂದು ಗಾಡೀಲೂ ಕರಗಿತ್ತು, ಗೊತ್ತಿತ್ತು ನನಗೆ. ನಿಂತ ಮೇಲೆ ನಲವತ್ತು ಎಣಿಸೋಷ್ಟು ಹೊತ್ತೂ ತಡೆಯಲ್ಲ ಅದು. ಬನ್ನಿ... ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ."

ಅವಳ ತೋಳು ಹಿಡಿದು ಎಳೆದ. ಅಮ್ಮ ಅಲುಗಲಿಲ್ಲ. ಮಲೆ ಅಲುಗಿದರೂ ಅವಳು ಅಲುಗುತ್ತಿರಲಿಲ್ಲ ಆಗ.

ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು.

ಏನೂ ಆಗಲಿಲ್ಲ.

ಬೆಂಚಿನ ಕಡೆಯಿಂದ ಇನ್‌ಸ್ಪೆಕ್ಟರು ಎದ್ದು ಬರುವುದು ಕಾಣಿಸಿತು. ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು. ಅಷ್ಟರಲ್ಲಿ ಗೂಳಿಯ ಜೀಪು ಬುಸುಗುಡುತ್ತ ತುದಿ ಮುಟ್ಟಿತು, ರೇಡಿಯೇಟರಿನಿಂದ ಹಬೆ ಏಳುತ್ತಿತ್ತು. ಖಾಕಿ ಕಂಡ ಗೂಳಿ ಇಳಿಯುವ ಯೋಚನೆ ಬಿಟ್ಟು ಸಂಭಾವಿತನಂತೆ ಒಳಗೇ ಕುಳಿತ.

ನಾನು ನೂರಿಪ್ಪತ್ತರ ತನಕ ಎಣಿಸಿದೆ. ಒಂದೂ ಬಿಡಲಿಲ್ಲ. ಆಮೇಲೆ ಎಂಜಿನ್ನು ಆರಿಸಿ, ಇಳಿದು, ಬಾನೆಟ್ ಎತ್ತಿದೆ.

ಎಣ್ಣೆಯ ಪೈಪು ಉಕ್ಕಿನದು. ಎರಡು ತುದಿಗೆ ಎರಡು ನಟ್ಟು. ನಟ್ಟಿನ ಮೇಲೆ ಒಂದೊಂದು ಹಳದಿ ಚುಕ್ಕೆ.

ರಬ್ಬರು ಹಾಕಿದ್ದು ನಿಜ ಸ್ವಾಮಿ. ಅದನ್ನು ನಿಮಗೆ ಆಗಲೇ ಹೇಳಿದೆ. ಹೇಳದೆ ಬಿಟ್ಟದ್ದು ಮುಂದಿನದನ್ನು. ಕ್ಲಿಪ್ಪು ಬಿಗಿದು, ಅಣ್ಣನ ಹಾಗೆಯೇ ಹಳದಿ ಬಣ್ಣಕ್ಕೆ ಕಡ್ಡಿ ಅದ್ದಿದೆ. ಚುಕ್ಕೆ ಇಡಲು ಕೈ ಬರಲಿಲ್ಲ. ಇಟ್ಟರೆ ಅದಕ್ಕೆ ನಾನೇ ಜವಾಬು. ಬಹಳ ಹೊತ್ತು ಕಡ್ಡಿ ಹಿಡಿದು ಕುಳಿತೆ, ಬಣ್ಣ ಒಣಗಿತು. ಆಮೇಲೆ ರಬ್ಬರು ಬಿಚ್ಚಿ ಉಕ್ಕು ಹಾಕಿದೆ. ದಾರಿಯಲ್ಲಿ ಬಂದ ವಾಸನೆ, ಸೈಲೆನ್ಸರಿನ ಕೊಳವೆಗೆ ಬೆಳಗ್ಗೆ ನಾನು ಸವರಿದ್ದ ಎರಡು ಚಮಚ ಹಳೆಯ ಎಣ್ಣೆ.

ಅಮ್ಮ ಬಗ್ಗಿ ಆ ಚುಕ್ಕೆಗಳನ್ನು ನೋಡಿದಳು. ಬೆರಳ ತುದಿಯನ್ನು ಹತ್ತಿರ ಒಯ್ದು, ಕಾವು ತಾಗಿ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಸಿಳ್ಳೆಯ ಕಡೆ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಶಪಿಸುತ್ತಾಳೆ ಎಂದುಕೊಂಡೆ.

"ಮೂರು ವರ್ಷ," ಎಂದಳು ಮೆಲ್ಲಗೆ. "ಮೂರು ವರ್ಷ ದೇವರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ."

ಸಿಳ್ಳೆ ಅಲ್ಲೇ ಧೂಳಿನಲ್ಲಿ ಕುಸಿದು ಕುಳಿತ. ಒಮ್ಮೆ ಪೈಪು ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಇನ್‌ಸ್ಪೆಕ್ಟರು ಪುಸ್ತಕ ತೆರೆದು, ಯಾರಾದರೂ ಹೆದರಿಸಿದರೇನಪ್ಪ ಎಂದು ಅವನನ್ನು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಅದು ನಿಜವೂ ಆಗಿತ್ತು, ಕೊನೆಯ ಇಪ್ಪತ್ತು ಹೆಜ್ಜೆಗೆ ಸಂಬಂಧಿಸಿದಂತೆ.

"ರಬ್ಬರು ಅಂದ್ಯಲ್ಲ..." ಎಂದು ನನ್ನನ್ನು ಕೇಳಿದ. "ದಾರಿ ಉದ್ದಕ್ಕೂ ನಂಗೆ ಸುಳ್ಳು ಹೇಳಿದ್ಯಾ?"

ಜೇಬಿನಿಂದ ಅವನ ಅಂಗಡಿಯ ಗೇಣುದ್ದ ರಬ್ಬರು ತೆಗೆದು ಅವನ ಮಡಿಲಿಗೆ ಹಾಕಿದೆ.

"ಹೂಂ. ನಂದು ಹನ್ನೊಂದು ಕಿಲೋಮೀಟರ್ ಅಷ್ಟೇ. ನಿಂದು ಮೂರು ವರ್ಷ."